ಫಲಿತಾಂಶದ ಪಟ್ಟಿಯೂ ಹಾಜರಿ ಪುಸ್ತಕವೂ

ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ಮರುದಿನ ನಾಡಿನ ಪತ್ರಿಕೆಗಳೆಲ್ಲ ಜಿಲ್ಲೆಗಳನ್ನು ಮೇಲಿನಿಂದ ಕೆಳಗಿನವರೆಗೆ ಸಾಲುಗಟ್ಟಿ ನಿಲ್ಲಿಸುವ ಪಟ್ಟಿಯೊಂದನ್ನು ಅಚ್ಚುಹಾಕುವುದು ಈಗ ಸಂಪ್ರದಾಯವೇ ಆಗಿದೆ. 2023ರಲ್ಲಿ ಚಿತ್ರದುರ್ಗ ಅಗ್ರಸ್ಥಾನದಲ್ಲಿತ್ತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗಿನ ಕ್ಯಾಮೆರಾಗಳು ಬಂದೊಡನೆ ಕ್ರಮವೆಲ್ಲ ತಲೆಕೆಳಗಾಗಿ, ಕೃಪಾಂಕವನ್ನು ಹೆಚ್ಚಿಸಿದ ಮೇಲೆಯೂ ರಾಜ್ಯದ ಸರಾಸರಿ ಶೇಕಡಾ 83.89ರಿಂದ 73.40ಕ್ಕೆ ಇಳಿಯಿತು. ಉಡುಪಿ ಶೇಕಡಾ 94ರೊಡನೆ ಮೊದಲಿಗೆ ಬಂದಿತು, ಯಾದಗಿರಿ 50.59ರೊಡನೆ ಕಡೆಗೆ ನಿಂತಿತು. ಪಟ್ಟಿ ಬಂದೊಡನೆ ಕೆಳಗಿನವರಿಗೆ ನೋಟೀಸು, ಮುಖ್ಯೋಪಾಧ್ಯಾಯರಿಗೆ ಸಭೆ, ಮಕ್ಕಳಿಗೆ ಉತ್ತೀರ್ಣರಾಗುವಷ್ಟನ್ನೇ ಓದಿಸುವ ‘ಪಾಸಿಂಗ್ ಪ್ಯಾಕೇಜ್’. ಬಾಗಲಕೋಟೆ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳನ್ನು ಎದುರಿಗಿಟ್ಟುಕೊಂಡು ಯೋಚಿಸುವವನಿಗೆ, ಈ ಪಟ್ಟಿ ಯಾವುದನ್ನು ಅಳೆಯುತ್ತೇನೆಂದು ಹೇಳಿಕೊಳ್ಳುತ್ತದೆಯೋ ಅದನ್ನು ಅದು ಅಳೆಯುತ್ತಲೇ ಇಲ್ಲವೆಂಬ ಸಂದೇಹ ಬಾರದೆ ಇರದು.

ಉಡುಪಿ, ಮಂಗಳೂರು, ಗೋವೆಗಳಲ್ಲಿ ಮೇಲೇಳುತ್ತಿರುವ ಬಹುಮಹಡಿ ಕಟ್ಟಡಗಳ ಬುಡದಲ್ಲಿ ತಗಡಿನ ಜೋಪಡಿ ಹಾಕಿಕೊಂಡು ಸಿಮೆಂಟು ಕಲಸುವ, ಕಲ್ಲು ಹೊರುವ ಸಂಸಾರಗಳ ಮಾತಿಗೆ ಕಿವಿಗೊಟ್ಟರೆ, ಅವುಗಳಲ್ಲಿ ಎಷ್ಟೋ ಬಾದಾಮಿ, ಹುನಗುಂದ, ಇಳಕಲ್ಲುಗಳ ಕಡೆಯವೆಂಬುದು ಒಡನೆಯೇ ತಿಳಿಯುತ್ತದೆ. ಸ್ಥಳೀಯರು ತಮ್ಮ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳಿಗೆ ಕಳುಹಿಸಿದ್ದರಿಂದ ಬರಿದಾಗುತ್ತಿದ್ದ ಕರಾವಳಿಯ ಹಲವು ಸರ್ಕಾರಿ ಕನ್ನಡ ಶಾಲೆಗಳು ಬಾಗಿಲು ಮುಚ್ಚದೆ ಉಳಿದಿರುವುದು ಉತ್ತರ ಕರ್ನಾಟಕದ ಈ ವಲಸೆಗಾರರ ಮಕ್ಕಳಿಂದ. ಬಾದಾಮಿಯ ಲಂಬಾಣಿ ತಾಂಡಾದ ಒಬ್ಬ ಹುಡುಗ ಉಡುಪಿಯಲ್ಲಿಯೇ ನೆಲೆನಿಂತು ಉತ್ತೀರ್ಣನಾದರೆ ಆ ಕೀರ್ತಿ ಉಡುಪಿಗೆ ಸಲ್ಲುತ್ತದೆ. ಅವನ ತಮ್ಮ ಅಜ್ಜಿಯ ಬಳಿ ಬಾದಾಮಿಯಲ್ಲುಳಿದು ಅನುತ್ತೀರ್ಣನಾದರೆ ಆ ಕಳಂಕ ಬಾಗಲಕೋಟೆಗೆ ಹತ್ತುತ್ತದೆ. ಹೀಗಿರುವಾಗ ಜಿಲ್ಲೆಯ ಹೆಸರಿನ ಮುಂದೆ ಬರೆಯುವ ಅಂಕಿಯು ಅಧ್ಯಾಪಕರ ಸಾಮರ್ಥ್ಯವನ್ನು ಹೇಳುತ್ತದೆಯೋ, ತಂದೆತಾಯಿಗಳ ಕೂಲಿಯ ದಾರಿಯನ್ನು ಹೇಳುತ್ತದೆಯೋ?

ಫಲಿತಾಂಶದ ಪಟ್ಟಿಗಿಂತ ಹಾಜರಿ ಪುಸ್ತಕ ಹೆಚ್ಚು ಸತ್ಯವನ್ನು ನುಡಿಯುತ್ತದೆಂದು ನನ್ನ ಭಾವನೆ. ಈ ಸೀಮೆಯ ಮಳೆಯಾಶ್ರಿತ ಊರಿನ ಪ್ರೌಢಶಾಲೆಯೊಂದರಲ್ಲಿ ಜೂನ್ ತಿಂಗಳಿನ ಪುಟ ತುಂಬಿಕೊಂಡಿರುತ್ತದೆ. ದೀಪಾವಳಿ ಕಳೆಯುತ್ತಲೇ ಕೆಲವು ಹೆಸರುಗಳ ಮುಂದೆ ಗೈರುಹಾಜರಿಯ ಗುರುತುಗಳು ಸಾಲುಗೊಳ್ಳಲಾರಂಭಿಸುತ್ತವೆ. ಹೆಸರು ಕೂಗಿದರೆ ಹಿಂದಿನ ಬೆಂಚಿನಿಂದ “ದುಡಿಯಾಕ ಹೋಗ್ಯಾರ್ರೀ ಸರ” ಎಂಬ ಉತ್ತರ ಬರುತ್ತದೆ. ಪುಷ್ಯಮಾಸದಲ್ಲಿ ಬನಶಂಕರಿಯ ಜಾತ್ರೆ, ನಾಟಕ ಕಂಪನಿಗಳ ಬಿಡಾರ. ಆಗಿನ ಗೈರುಹಾಜರಿಯನ್ನು ಕ್ಷಮಿಸದ ಮಾಸ್ತರನು ಬಾದಾಮಿಯವನಾಗಿರಲಾರ. ಆದರೆ ಜಾತ್ರೆ ಮುಗಿದ ಮೇಲೂ ಪುಟ ತುಂಬುವುದಿಲ್ಲ. ಹುನಗುಂದದ ಎರೆಹೊಲಗಳಲ್ಲಿ ಹಿಂಗಾರಿ ಬಿಳಿಜೋಳದ ಕೊಯಿಲು, ರಾಶಿಗಳ ಕಾಲವೂ ಪರೀಕ್ಷೆಯ ಸಿದ್ಧತೆಯ ಕಾಲವೂ ಒಂದೇ ಆಗಿರುವುದರಿಂದ, ಹದಿನಾರು ವರ್ಷದ ಕೈಗಳಿಗೆ ಎರಡೂ ಕಡೆಯಿಂದ ಕರೆ ಬರುತ್ತದೆ.

ಇಳಕಲ್ಲಿನ ನೇಕಾರರ ಓಣಿಯಲ್ಲಿ ಮಗು ಊರು ಬಿಡುವುದಿಲ್ಲ, ನಿಜ. ಆದರೆ ಒಡಲಿನ ಹಾಸನ್ನೂ ಸೆರಗಿನ ರೇಷ್ಮೆಯ ಹಾಸನ್ನೂ ಎಳೆಯೆಳೆಯಾಗಿ ಕೊಂಡಿ ಹಾಕಿ ಜೋಡಿಸುವ, ಆ ಊರಿನ ಸೀರೆಗೆ ವಿಶಿಷ್ಟವಾದ ಕೆಲಸ ಒಬ್ಬರ ಕೈಯಿಂದಾಗುವಂಥದಲ್ಲ. ತಂದೆ ಕುಣಿಮಗ್ಗದಲ್ಲಿ ಕುಳಿತರೆ ತಾಯಿ, ಮಗಳು ಕಂಡಿಕೆ ಸುತ್ತುತ್ತ, ಕಡಿದ ಎಳೆಗಳನ್ನು ಹುಡುಕಿ ಗಂಟುಹಾಕುತ್ತ ಕುಳಿತಿರಬೇಕು. ಮಗ್ಗವೇ ನಡುಮನೆಯಾಗಿರುವಲ್ಲಿ, ಅದರ ಲಟಪಟ ಸದ್ದಿನ ನಡುವೆ, ಬೀಜಗಣಿತದ ಸಮೀಕರಣವನ್ನು ಬಿಡಿಸುವ ಹುಡುಗಿಗೂ ಪ್ರತ್ಯೇಕವಾದ ಕೋಣೆ, ಟ್ಯೂಷನ್ನು, ಅಕ್ಷರಸ್ಥಳಾದ ತಾಯಿ ಇರುವ ಪಟ್ಟಣದ ಹುಡುಗಿಗೂ ಪ್ರಶ್ನೆಪತ್ರಿಕೆ ಮಾತ್ರ ಒಂದೇ.

ತಾಯಂದಿರ ಮಾತು ಬಂದುದರಿಂದ ಹೇಳುತ್ತೇನೆ: 2011ರ ಜನಗಣತಿಯ ಪ್ರಕಾರ ಬಾಗಲಕೋಟೆ ಜಿಲ್ಲೆಯಲ್ಲಿ ಪುರುಷರ ಸಾಕ್ಷರತೆ ಶೇಕಡಾ 79.23, ಸ್ತ್ರೀಯರದು 58.40. ಇಂದು ಹತ್ತನೆಯ ತರಗತಿಯಲ್ಲಿರುವವರು ಈ ಸ್ತ್ರೀಯರ ಮಕ್ಕಳು. ಆದರೂ 2024ರಲ್ಲಿ ರಾಜ್ಯದಾದ್ಯಂತ ಬಾಲಕಿಯರಲ್ಲಿ ಶೇಕಡಾ 81.11, ಬಾಲಕರಲ್ಲಿ 65.90 ಮಂದಿ ಉತ್ತೀರ್ಣರಾದರು. ಇದನ್ನು ಕಂಡು ಸಂತೋಷಪಡುವ ಮುನ್ನ ಒಂದು ಲೆಕ್ಕವನ್ನು ಗಮನಿಸಬೇಕು. ಶೇಕಡಾವಾರಿನ ಛೇದಸ್ಥಾನದಲ್ಲಿರುವುದು ಪರೀಕ್ಷೆಗೆ ಕುಳಿತವರ ಸಂಖ್ಯೆಯೇ ಹೊರತು ಎಂಟನೆಯ ತರಗತಿಗೆ ಸೇರಿದವರ ಸಂಖ್ಯೆಯಲ್ಲ. ಒಂಬತ್ತರಲ್ಲಿ ಶಾಲೆ ಬಿಟ್ಟು ಕಲ್ಲಿನ ಕ್ವಾರಿಗೆ ನಡೆದ ಹುಡುಗ, ವಯಸ್ಸಿಗೆ ಮುನ್ನವೇ ಮದುವೆ ಮಾಡಿ ಕಳುಹಿಸಲ್ಪಟ್ಟ ಹುಡುಗಿ, ಇವರು ಈ ಗಣನೆಯಲ್ಲಿ ಅನುತ್ತೀರ್ಣರಾಗಿಯೂ ಉಳಿಯುವುದಿಲ್ಲ. ಅಷ್ಟೇ ಅಲ್ಲ, ದುರ್ಬಲ ವಿದ್ಯಾರ್ಥಿ ಸದ್ದಿಲ್ಲದೆ ಜಾರಿಹೋದಷ್ಟೂ ಶಾಲೆಯ ಅಂಕಿ ಮೇಲೇರುತ್ತದೆ; ಅವನನ್ನು ಮನೆಮನೆಗೆ ಹೋಗಿ ಕರೆತಂದು ಪರೀಕ್ಷೆಗೆ ಕೂಡಿಸಿದ ಮುಖ್ಯೋಪಾಧ್ಯಾಯನಿಗೆ ಬರುವ ಬಹುಮಾನ ನೋಟೀಸು.

ಸಮಾಜದಲ್ಲಿ ಕೊಂಚ ಅನುಕೂಲವುಳ್ಳವರು ಸರ್ಕಾರಿ ಶಾಲೆಯನ್ನು ತೊರೆದಿರುವುದೂ ಇದಕ್ಕೆ ಸೇರಿಕೊಂಡಿದೆ. 1906ರಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಬಾಗಲಕೋಟೆಯಲ್ಲಿ ಹುಟ್ಟಿದಾಗ ವಿದ್ಯೆ ಊರಿನ ಸಮಸ್ತರ ಕಾರ್ಯವೆಂಬ ಉತ್ಸಾಹವಿತ್ತು. ಇಂದು ಶುಲ್ಕ ತೆರಬಲ್ಲವರ ಮಕ್ಕಳು ಹಳದಿ ಬಸ್ಸನ್ನೇರಿ ಹೋದ ಬಳಿಕ ಉಳಿದವರೇ ಸರ್ಕಾರಿ ಪ್ರೌಢಶಾಲೆಯ ವಿದ್ಯಾರ್ಥಿವೃಂದ: ಕೂಲಿಕಾರರ, ನೇಕಾರರ, ಸಣ್ಣ ಹಿಡುವಳಿದಾರರ ಮಕ್ಕಳು, ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವವರು, 2009ರ ಹಾಗೂ 2019ರ ಮಲಪ್ರಭೆಯ ನೆರೆಯಲ್ಲಿ ಮನೆ ಕಳೆದುಕೊಂಡವರು.

“ಇಂಥ ಮಕ್ಕಳು ಬಂದರೆ ನಾವೇನು ಮಾಡೋಣ” ಎಂಬ ಆಲಸ್ಯಕ್ಕೆ ನಾನು ಸಮರ್ಥನೆ ಒದಗಿಸುತ್ತಿರುವೆನೆಂದು ಯಾರೂ ತಿಳಿಯಬಾರದು. ಶಾಲೆಯ ಸೌಕರ್ಯಗಳಿಗಿಂತ ಮಗುವಿನ ಮನೆಯ ಹಿನ್ನೆಲೆಯೇ ಫಲಿತಾಂಶವನ್ನು ಹೆಚ್ಚಾಗಿ ನಿರ್ಧರಿಸುತ್ತದೆಂದು ಅಮೆರಿಕೆಯಲ್ಲಿ ಜೇಮ್ಸ್ ಕೋಲ್ಮನ್ 1966ರ ತನ್ನ ವರದಿಯಲ್ಲಿ ಹೇಳಿದಾಗ, ಹಲವರು ಅದನ್ನು ಶಾಲೆಗಳೇ ವ್ಯರ್ಥವೆಂದು ಓದಿಕೊಂಡರು. ಆದರೆ ಯಾರ ಮನೆಯಲ್ಲಿ ಅನುಕೂಲ ಕಡಮೆಯೋ ಅವರಿಗೇ ಒಳ್ಳೆಯ ಅಧ್ಯಾಪಕನಿಂದಾಗುವ ಪ್ರಯೋಜನ ಅಧಿಕವೆಂಬುದನ್ನೂ ಅದೇ ವರದಿ ತೋರಿಸಿತ್ತು. 2024ರಲ್ಲಿ 625ಕ್ಕೆ 625 ಅಂಕ ಗಳಿಸಿ ರಾಜ್ಯಕ್ಕೆ ಪ್ರಥಮಳಾದ ಬಾಲಕಿ ನಮ್ಮ ಜಿಲ್ಲೆಯವಳೇ, ಮುಧೋಳ ತಾಲ್ಲೂಕಿನ ಮೆಳ್ಳಿಗೇರಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯವಳು. ಆ ಶಾಲೆಗಳು ಆರನೆಯ ತರಗತಿಗೆ ಪ್ರವೇಶ ಪರೀಕ್ಷೆಯಿಂದ ಮಕ್ಕಳನ್ನು ಆರಿಸಿಕೊಳ್ಳುತ್ತವೆಯಾದ್ದರಿಂದ, ಬಂದವರನ್ನೆಲ್ಲ ಸೇರಿಸಿಕೊಳ್ಳುವ ಊರ ಶಾಲೆಯನ್ನು ಆ ಉದಾಹರಣೆಯಿಂದ ಬಡಿಯುವುದು ನ್ಯಾಯವಲ್ಲ. ಆದರೂ ಹೊತ್ತುಹೊತ್ತಿಗೆ ಊಟ, ರಾತ್ರಿ ಓದಲು ದೀಪ, ಹತ್ತಿರದಲ್ಲೇ ಅಧ್ಯಾಪಕ, ವರ್ಷಪೂರ್ತಿ ಒಂದೇ ಸೂರು, ಇವಿಷ್ಟು ದೊರೆತಲ್ಲಿ ಈ ನೆಲದ ಮಗು ಎಲ್ಲಿಗೆ ಮುಟ್ಟಬಲ್ಲುದೆಂಬುದು ಅಲ್ಲಿ ಪ್ರತ್ಯಕ್ಷವಾಗಿದೆ.

ಹಾಗಾದರೆ ಶಾಲೆಯನ್ನು ಅಳೆಯುವ ಬೇರೆ ಬಗೆ ಯಾವುದು? ಇಂಗ್ಲೆಂಡಿನಲ್ಲಿ 2016ರಲ್ಲಿ, ಪ್ರೌಢಶಾಲೆಗಳನ್ನು ಅಳೆಯುವಾಗ, ಮಗು ಪ್ರಾಥಮಿಕ ಶಾಲೆಯನ್ನು ಮುಗಿಸಿದಾಗ ಎಲ್ಲಿತ್ತು, ಹದಿನಾರನೆಯ ವಯಸ್ಸಿಗೆ ಎಲ್ಲಿಗೆ ಬಂದಿತು ಎಂಬ ಅಂತರವನ್ನೇ ಗಣಿಸುವ ಪದ್ಧತಿ ಬಂದಿತು. ಅದರಲ್ಲಿಯೂ ದೋಷಗಳುಂಟು. ಆದರೆ ನಮಗೆ ಇಂಥದೊಂದು ಲೆಕ್ಕಕ್ಕೆ ಬೇಕಾದ ಸಾಮಗ್ರಿ ಕೈಯಲ್ಲಿಯೇ ಇದೆ. ಪ್ರತಿ ವಿದ್ಯಾರ್ಥಿಗೂ ಶಿಕ್ಷಣ ಇಲಾಖೆಯ ದಾಖಲೆಯ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಒಂದು ಸಂಖ್ಯೆಯಿದೆ, ಅವನು ಯಾವ ಶಾಲೆಗೆ ಎಂದು ಸೇರಿದನೆಂಬುದು ಅದರಲ್ಲಿ ದಾಖಲಾಗುತ್ತದೆ. ಎಂಟಕ್ಕೆ ಸೇರಿದವರೆಷ್ಟು, ಅವರಲ್ಲಿ ಹತ್ತನ್ನು ತಲುಪಿದವರೆಷ್ಟು, ಉತ್ತೀರ್ಣರೆಷ್ಟು ಎಂದು ಶಾಲಾವಾರಾಗಿ ಪ್ರಕಟಿಸಲು ಹೊಸ ಆಯೋಗವೇನೂ ಬೇಕಾಗಿಲ್ಲ.

2010ರ ಏಪ್ರಿಲಿನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ ಹದಿನಾಲ್ಕು ವರ್ಷಕ್ಕೆ ನಿಂತುಬಿಡುತ್ತದೆ. ಕೂಲಿಗೆ ಕರೆ ಬರುವುದು ಆ ವಯಸ್ಸಿನಿಂದಲೇ. ಆದುದರಿಂದ ವಲಸೆ ಹೋಗುವವರ ಮಕ್ಕಳಿಗೆ ದೀಪಾವಳಿಯಿಂದ ಪರೀಕ್ಷೆಯವರೆಗೆ ಊರಿನಲ್ಲಿಯೇ ಉಳಿಯಲು ಬಾದಾಮಿ, ಹುನಗುಂದ, ಇಳಕಲ್ ತಾಲ್ಲೂಕುಗಳಲ್ಲಿ ಋತುಮಾನದ ವಸತಿನಿಲಯಗಳನ್ನು ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೂ ತೆರೆಯುವುದು ಅತ್ಯಗತ್ಯ. 2024ರಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ದೊರೆತದ್ದು ಒಳ್ಳೆಯದೇ. ಆದರೆ ಮೊದಲನೆಯದರಲ್ಲಿ ಗಣಿತ ಬಿದ್ದ ಹುಡುಗ ಎರಡನೆಯದರ ಹೊತ್ತಿಗೆ ಗೋವೆಯ ಯಾವುದೋ ಕಟ್ಟಡದ ಮೇಲಿರುತ್ತಾನೆ, ಹೆಸರು ನೋಂದಾಯಿಸುವ ಕಡೆಯ ದಿನಾಂಕ ಅವನಿಗೆ ಗೊತ್ತಾಗುವುದೇ ಇಲ್ಲ. ಮರುಪರೀಕ್ಷೆಗೆ ಇಂಥವರಲ್ಲಿ ಎಷ್ಟು ಮಂದಿಯನ್ನು ಹಿಂದಕ್ಕೆ ಕರೆತರಲಾಯಿತೆಂಬ ಸಂಖ್ಯೆಯನ್ನೂ ಜಿಲ್ಲೆಯ ಉಪನಿರ್ದೇಶಕರ ಕಚೇರಿ ಬರುವ ವರ್ಷದಿಂದ ಪಟ್ಟಿಯಲ್ಲಿ ಸೇರಿಸಲಿ.