ಇಬ್ಬರ ಜೈಲಿಗೆ ನೂರಾರು ಮಂದಿ!

ಇಂಗ್ಲಿಷ್ ಕಾಲುವೆಯ ಸಾರ್ಕ್ ದ್ವೀಪದಲ್ಲಿ ಬಸ್ಸಿಲ್ಲ, ಕಾರಿಲ್ಲ. ಸುಮಾರು 500 ಜನರ ಊರು. ಓಡಾಟಕ್ಕೆ ಸೈಕಲ್ಲು, ಕುದುರೆಗಾಡಿ, ಟ್ರ್ಯಾಕ್ಟರು. ಅಲ್ಲೊಂದು ಜೈಲುಂಟು. 1856ರಲ್ಲಿ ಕಟ್ಟಿದ್ದು, ಕಮಾನು ಸೂರು, ಕಿಟಕಿಯಿಲ್ಲದ ಎರಡೇ ಕೋಣೆ. ಜಗತ್ತಿನ ಅತಿ ಚಿಕ್ಕ ಜೈಲು ಅಂತಲೇ ಹೆಸರು. ದೋಣಿ ಇಳಿದ ಪ್ರವಾಸಿಗರು ಅದರೆದುರು ನಿಂತು ಫೋಟೋ ಹೊಡೆಸಿಕೊಳ್ಳುತ್ತಾರೆ.

1990ರಲ್ಲಿ ಕೆಲಸವಿಲ್ಲದ ಫ್ರೆಂಚ್ ಅಣುವಿಜ್ಞಾನಿಯೊಬ್ಬ ಬಂದೂಕು ಹಿಡಿದು ಬಂದು, ನಾಳೆ ಮಧ್ಯಾಹ್ನ ದ್ವೀಪ ನನ್ನ ವಶ ಅಂತ ಭಿತ್ತಿಪತ್ರ ಅಂಟಿಸಿದ. ಬೆಂಚಿನ ಮೇಲೆ ಹೊತ್ತು ಕಾಯುತ್ತ ಕೂತವನನ್ನು ಊರಿನ ಕಾನ್‌ಸ್ಟೇಬಲ್ಲೇ ಹಿಡಿದುಬಿಟ್ಟ! ಇಂಥ ಕತೆಯಿರೋ ಊರಿನ ಜೈಲು ನೋಡೋಕೆ ಜನ ಬರದೆ ಇರ್ತಾರೆಯೇ?

ಫಜೀತಿ ಇರುವುದು ಬೇರೆ ಕಡೆ. ಈ ಜೈಲಿಗೆ ಇನ್ನೂ ನಿವೃತ್ತಿಯಾಗಿಲ್ಲ. ಆರೋಪಿಯನ್ನು ಒಂದೆರಡು ರಾತ್ರಿ ಇಲ್ಲಿಡಬಹುದು. ಹೆಚ್ಚು ದಿನವಾದರೆ ಗರ್ನಸಿ ದ್ವೀಪಕ್ಕೆ ಸಾಗಿಸಬೇಕು. ತಪ್ಪು ಸಾಬೀತಾಗುವ ಮೊದಲೇ ಬಾಗಿಲಾಚೆ ಕ್ಯಾಮೆರಾ ಹಿಡಿದು ನಿಂತರೆ ಒಳಗಿದ್ದವನ ಮಾನದ ಗತಿಯೇನು?

ನಮ್ಮ ಪಕ್ಕದ ತೆಲಂಗಾಣದ ಸಂಗಾರೆಡ್ಡಿಯಲ್ಲಿ ಹೀಗಲ್ಲ. 1796ರ ಹಳೇ ಜೈಲಿನ ಕೈದಿಗಳನ್ನು ಮೊದಲು ಹೊಸ ಜೈಲಿಗೆ ಕಳಿಸಿದರು. ಆಮೇಲೆ ಅದು ಮ್ಯೂಸಿಯಂ ಆಯಿತು. 2016ರಲ್ಲಿ 500 ರೂಪಾಯಿಗೆ ಒಂದು ದಿನದ ‘ಸೆರೆವಾಸ’ವೂ ಶುರುವಾಯಿತು. ಸಾರ್ಕ್‌ನಲ್ಲಿ ಮಾತ್ರ ಕೈದಿಗೂ ಪ್ರವಾಸಿಗೂ ಒಂದೇ ಬಾಗಿಲು.