ಅಂಗಡಿಯ ಬಾಗಿಲೂ ಮನಸ್ಸಾಕ್ಷಿಯೂ

ನಮ್ಮ ಶಾಲೆಯಲ್ಲಿ ಓದಿದ ಭಗಿನಿಯರಲ್ಲಿ ಕೆಲವರು ಔಷಧದಂಗಡಿಯನ್ನೋ ಹೊಲಿಗೆಯಂಗಡಿಯನ್ನೋ ಭೋಜನಗೃಹವನ್ನೋ ನಡೆಸುತ್ತಿರುವರು. ಧರ್ಮಶ್ರದ್ಧೆಯುಳ್ಳ ವ್ಯಾಪಾರಿಯು ತನ್ನ ಮನಸ್ಸಾಕ್ಷಿಗೆ ಒಪ್ಪದವರನ್ನು ಬಾಗಿಲಿನಿಂದಲೇ ಹಿಂದಿರುಗಿಸಬಹುದೇ? ಈ ಪ್ರಶ್ನೆಯನ್ನು ಕುರಿತು ಎರಡು ಮಾತುಗಳನ್ನು ಅರಿಕೆಮಾಡಿಕೊಳ್ಳುತ್ತೇವೆ.

ಮನಸ್ಸಾಕ್ಷಿಯ ಸ್ವಾತಂತ್ರ್ಯವು ಅಮೂಲ್ಯವಾದುದು. ಸಂವಿಧಾನದ 25ನೆಯ ಅನುಚ್ಛೇದವು ಅದನ್ನು ಸಕಲರಿಗೂ ಕೊಟ್ಟಿದೆ. ಅಲ್ಪಸಂಖ್ಯಾತರಾದ ನಾವು ಅದರ ನೆರಳಿನಲ್ಲಿಯೇ ಬಾಳುತ್ತಿದ್ದೇವೆ. ಆದರೆ ಅದೇ ಸಂವಿಧಾನದ 15ನೆಯ ಅನುಚ್ಛೇದವು, ಮತ, ಕುಲ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದಲೇ ಯಾರನ್ನೂ ಅಂಗಡಿ ಹೋಟೆಲುಗಳಿಂದ ತಡೆಯಕೂಡದೆಂದು ವಿಧಿಸಿದೆ. ಅಂಗಡಿಯೆಂಬ ಪದವನ್ನು ವಿಶಾಲಾರ್ಥದಲ್ಲಿ ಬಳಸಿದೆಯೆಂದು ಡಾಕ್ಟರ್ ಅಂಬೇಡ್ಕರರು 1948ರಲ್ಲಿ ಸಂವಿಧಾನ ಸಭೆಗೆ ವಿವರಿಸಿದರು. ಇಂಥ ವಿಧಿಯು ಏಕೆ ಬೇಕಾಯಿತು? ತಮ್ಮ ನೆರೆಯವರನ್ನು ಬಾವಿಯಿಂದಲೂ ಭೋಜನಶಾಲೆಯಿಂದಲೂ ದೂರವಿಟ್ಟವರು ಅದನ್ನು ಧರ್ಮವೆಂದೇ ಕರೆಯುತ್ತಿದ್ದರು.

ಕ್ರೈಸ್ತರೂ ಈ ದೋಷಕ್ಕೆ ಹೊರತಲ್ಲ. ಅಮೆರಿಕೆಯ ದಕ್ಷಿಣ ಕ್ಯಾರೊಲಿನಾದಲ್ಲಿ ಪಿಗ್ಗಿ ಪಾರ್ಕ್ ಎಂಬ ಭೋಜನಗೃಹಗಳ ಒಡೆಯನು ಕೃಷ್ಣವರ್ಣೀಯರನ್ನು ಒಳಗೆ ಕುಳ್ಳಿರಿಸಿ ಬಡಿಸಲೊಲ್ಲದೆ, 1964ರ ನಾಗರಿಕ ಹಕ್ಕುಗಳ ಕಾನೂನು ದೇವರ ಚಿತ್ತಕ್ಕೆ ವಿರುದ್ಧವೆಂದು ವಾದಿಸಿದನು. ಆ ವಾದದಲ್ಲಿ ಹುರುಳಿಲ್ಲವೆಂದು ಪರಮೋಚ್ಚ ನ್ಯಾಯಾಲಯವು 1968ರಲ್ಲಿ ತಳ್ಳಿಹಾಕಿತು. ಸಮಾರ್ಯದ ಸ್ತ್ರೀಯಿಂದ ನೀರು ಬೇಡಿದ ಕರ್ತನ ಹೆಸರಿನಲ್ಲಿ ಎಂಥ ವಾದ!

ಆದರೂ ಸಕಲ ಪ್ರಸಂಗಗಳೂ ಇಷ್ಟು ಸುಲಭವಲ್ಲ. 2012ರಲ್ಲಿ ಕೊಲೊರಾಡೊದ ಬೇಕರಿಯವನೊಬ್ಬನು ಇಬ್ಬರು ಪುರುಷರ ವಿವಾಹಕ್ಕೆ ಕೇಕು ರಚಿಸಲು ಒಪ್ಪಲಿಲ್ಲ. 2018ರಲ್ಲಿ ಅದೇ ನ್ಯಾಯಾಲಯವು ಅವನ ಪರವಾಗಿ ತೀರ್ಪಿತ್ತಿತು. ಏಕೆಂದರೆ ರಾಜ್ಯದ ಆಯೋಗವು ಅವನ ನಂಬಿಕೆಯನ್ನು ಹಗೆತನದಿಂದ ಕಂಡಿತ್ತು. ಗಿರಾಕಿಗಳನ್ನು ಹೊರಗಿಡುವ ಹಕ್ಕನ್ನು ಆ ತೀರ್ಪು ವ್ಯಾಪಾರಿಗಳಿಗೆಲ್ಲ ಕೊಡಲಿಲ್ಲ. ನಂಬದ ಮಾತನ್ನು ಬರೆದುಕೊಡೆಂದು ಯಾರನ್ನೂ ಬಲಾತ್ಕರಿಸಬಾರದೆಂಬುದು ನಮಗೂ ಸಮ್ಮತ. ಆದರೆ ಎಲ್ಲರಿಗೂ ಮಾರುವ ರೊಟ್ಟಿಯನ್ನು ಒಬ್ಬನಿಗೆ ಮಾತ್ರ ಇಲ್ಲವೆನ್ನುವುದು ಬೇರೆಯ ಸಂಗತಿ. ಅಲ್ಲಿ ನೋಯುವುದು ಮಾರುವವನ ನಂಬಿಕೆಯಲ್ಲ, ಕೊಳ್ಳಬಂದವನ ಮಾನ.

ಆದಕಾರಣ ನಮ್ಮ ನಮ್ರ ಅಭಿಪ್ರಾಯವಿದು: ದೇವಾಲಯದಲ್ಲಿಯೂ ಮನೆಯಲ್ಲಿಯೂ ನಮ್ಮ ನಂಬಿಕೆಯಂತೆ ನಡೆಯೋಣ, ಬೀದಿಗೆ ಬಾಗಿಲು ತೆರೆದು ಸರ್ವರ ಹಣವನ್ನು ಬಯಸಿದ ಮೇಲೆ ಸರ್ವರನ್ನೂ ಬರಮಾಡಿಕೊಳ್ಳೋಣ. ಇಂದು ನಾವು ಒಬ್ಬರನ್ನು ತಡೆದರೆ, ನಾಳೆ ನೆರೆಯ ಅಂಗಡಿಯವನು ನಮ್ಮ ಮಕ್ಕಳನ್ನು ತಡೆದಾಗ ಯಾವ ಬಾಯಿಂದ ದೂರುವೆವು? ತಾಯಿತಂದೆಗಳು ಇದನ್ನು ಮಕ್ಕಳಿಗೆ ಮನೆಯಲ್ಲಿಯೇ ಕಲಿಸಿದರೆ ಕಾನೂನಿಗೆ ಕೆಲಸವೇ ಕಡಿಮೆಯಾದೀತು.