ವಿನಾಯಿತಿಗೆ ಮುನ್ನ ಪಾಠ

ಎಸ್ಸೆಸ್ಸೆಲ್ಸಿ ವೇಳಾಪಟ್ಟಿ ಕೈಗೆ ಸಿಕ್ಕಾಗ ವಿಜ್ಞಾನ ಪರೀಕ್ಷೆಯ ಸಾಲನ್ನು ಪೂರ್ತಿ ಓದಿ ನೋಡಿ. ವಿಜ್ಞಾನದ ಪಕ್ಕದಲ್ಲೇ ರಾಜ್ಯಶಾಸ್ತ್ರ, ಹಿಂದೂಸ್ತಾನಿ ಸಂಗೀತ, ಕರ್ನಾಟಕ ಸಂಗೀತ ಎಂದೂ ಇರುತ್ತದೆ. ವಿಶೇಷಚೇತನ ಮಕ್ಕಳು ವಿಜ್ಞಾನದ ಬದಲಿಗೆ ಇವುಗಳಲ್ಲೊಂದನ್ನು ಬರೆಯಬಹುದು. ಗಣಿತದ ಬದಲಿಗೆ ಸಮಾಜಶಾಸ್ತ್ರ ತೆಗೆದುಕೊಳ್ಳಬಹುದು. ಒಂದೆರಡು ವಿಷಯಗಳ ದೆಸೆಯಿಂದ ಮಗುವಿನ ಓದು ಹತ್ತನೇ ತರಗತಿಗೇ ನಿಂತುಬಿಡಬಾರದು ಎಂಬ ಕಾಳಜಿಯ ಸೌಲಭ್ಯ ಇದು. ಎಷ್ಟೋ ಮಕ್ಕಳನ್ನು ದಡ ಸೇರಿಸಿದೆ.

ನನ್ನ ತಕರಾರು ಸೌಲಭ್ಯದ ಮೇಲಲ್ಲ, ಅದನ್ನು ಕೊಡುವ ಅವಸರದ ಮೇಲೆ. ಕಣ್ಣು ಕಾಣದ ಹುಡುಗಿ ಎಂಟನೇ ತರಗತಿಗೆ ಸೇರಿದ ವಾರವೇ ‘ಇವಳಿಗೆ ಸೈನ್ಸ್ ಯಾಕೆ, ಸುಮ್ಮನೆ ಕಷ್ಟ’ ಎಂದು ದೊಡ್ಡವರು ತೀರ್ಮಾನಿಸಿಬಿಟ್ಟರೆ, ಮುಂದಿನ ಮೂರು ವರ್ಷ ಜೀವವಿಜ್ಞಾನದ ಪೀರಿಯಡ್‌ನಲ್ಲಿ ಅವಳು ಬರೀ ಕೂತಿರುತ್ತಾಳೆ. ಪಿಯುಸಿಯಲ್ಲಿ ವಿಜ್ಞಾನ ಹಿಡಿಯುವ ಮಾತು ಆಮೇಲೆ ಏಳುವುದೇ ಇಲ್ಲ. ನಮ್ಮ ಪ್ರೌಢಶಾಲೆಗಳಲ್ಲಿ ಸಿಬಿಝಡ್ ಮೇಷ್ಟ್ರು ಎಂದೇ ಕರೆಸಿಕೊಳ್ಳುವ ಜೀವವಿಜ್ಞಾನದ ಶಿಕ್ಷಕರ ಮೊದಲ ಕರ್ತವ್ಯ, ನನ್ನ ಪ್ರಕಾರ, ಈ ಅವಸರಕ್ಕೆ ಅಡ್ಡ ನಿಲ್ಲುವುದು. ಮೊದಲು ಪಾಠ, ವಿನಾಯಿತಿಯ ಮಾತು ಆಮೇಲೆ.

ಹಾಗೆ ನೋಡಿದರೆ ಮುಟ್ಟಿ ಕಲಿಯುವುದಕ್ಕೆ ಜೀವವಿಜ್ಞಾನದಷ್ಟು ಒದಗಿಬರುವ ವಿಷಯ ಕಡಿಮೆ. ನಾಡಿ ಬೆರಳಿಗೆ ಸಿಗುತ್ತದೆ. ಬಾಳೆ ಎಲೆಯ ನಾಳಗಳು ಒಂದರ ಪಕ್ಕ ಒಂದು ಸಾಗುವುದೂ ಅರಳಿ ಎಲೆಯವು ಬಲೆಯಾಗಿ ಹರಡುವುದೂ ಕೈಗೆ ತಿಳಿಯುತ್ತದೆ. ದಾಸವಾಳದ ದಳ ಬಿಡಿಸಿದರೆ ಕೇಸರಗಳ ಕೊಳವೆ, ಅದರೊಳಗಿಂದ ಹಾದುಬಂದ ಶಲಾಕೆ, ತುದಿಯಲ್ಲಿ ಕವಲೊಡೆದ ಐದು ಶಲಾಕಾಗ್ರಗಳನ್ನು ಬೆರಳಲ್ಲೇ ಎಣಿಸಬಹುದು. ಹೃದಯದ ಚಿತ್ರ ಬೇಕೆಂದರೆ ರಟ್ಟಿನ ಮೇಲೆ ಗೋಂದು ಹಚ್ಚಿ, ಅಪಧಮನಿಗೆ ದಪ್ಪ ಗೋಣಿದಾರ, ಅಭಿಧಮನಿಗೆ ಸಣ್ಣ ದಾರ ಅಂಟಿಸಿದರಾಯಿತು. ಕಷ್ಟ ಬರುವುದು ಸೂಕ್ಷ್ಮದರ್ಶಕದ ಹತ್ತಿರ, ಅದನ್ನು ಮುಚ್ಚಿಡಬೇಕಿಲ್ಲ. ಅಲ್ಲಿ ಜೇಡಿಮಣ್ಣಿನ ಮಾದರಿ ಬೇಕು, ಮಸೂರದಲ್ಲಿ ಕಂಡ ಈರುಳ್ಳಿ ಪೊರೆಯನ್ನು ಬಾಯಿಬಿಟ್ಟು ವರ್ಣಿಸುವ ಜೊತೆಗಾರ ಬೇಕು. ವರ್ಣಿಸುವ ಹುಡುಗನೂ ಆ ದಿನ ಜೀವಕೋಶವನ್ನು ಸರಿಯಾಗಿ ನೋಡುತ್ತಾನೆ.

ಇದೆಲ್ಲ ಆಗದ ಹೋಗದ ಮಾತೆನ್ನುವವರು ಜೀವವಿಜ್ಞಾನಿ ಗೀರಾಟ್ ವರ್ಮೇ ಅವರನ್ನು ನೆನೆಯಬೇಕು. 1946ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಇವರಿಗೆ ಮೂರನೇ ವಯಸ್ಸಿನಿಂದ ಕಣ್ಣು ಕಾಣದು. ಕುಟುಂಬ ಅಮೆರಿಕಕ್ಕೆ ಹೋದ ಮೇಲೆ ನಾಲ್ಕನೇ ತರಗತಿಯ ಶಿಕ್ಷಕಿ ಫ್ಲಾರಿಡಾದಿಂದ ತಂದ ಕಪ್ಪೆಚಿಪ್ಪು, ಶಂಖಗಳನ್ನು ತರಗತಿಯಲ್ಲಿ ಇಟ್ಟರು. ತನ್ನೂರಿನ ಕಡಲತೀರದ ಚಿಪ್ಪುಗಳಿಗೂ ಇವಕ್ಕೂ ಇಷ್ಟೊಂದು ವ್ಯತ್ಯಾಸ ಯಾಕೆ ಎಂಬ ಪ್ರಶ್ನೆ ಹುಡುಗನ ಬೆರಳ ತುದಿಯಲ್ಲೇ ಹುಟ್ಟಿತು. ಮುಂದೆ ಯೇಲ್‌ನಲ್ಲಿ ಡಾಕ್ಟರೇಟ್, ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪ್ರಾಧ್ಯಾಪಕ ಹುದ್ದೆ. ಚಿಪ್ಪುಗಳ ಮೇಲಿನ ಗಾಯದ ಗುರುತುಗಳನ್ನು ಸವರಿ ಸವರಿಯೇ, ಬೇಟೆಗಾರ ಜೀವಿಗಳಿಗೂ ಅವುಗಳಿಂದ ತಪ್ಪಿಸಿಕೊಳ್ಳುವ ಜೀವಿಗಳಿಗೂ ನಡುವಿನ ಕೋಟ್ಯಂತರ ವರ್ಷಗಳ ಪೈಪೋಟಿಯನ್ನು ಅವರು ವಿವರಿಸಿದರು. ಆ ಶಿಕ್ಷಕಿ ಮಾಡಿದ್ದು ಚಿಪ್ಪುಗಳನ್ನು ಕೈಗೆಟುಕುವಂತೆ ಇಟ್ಟಿದ್ದು.

ಕಣ್ಣಿಗೆ ಬೀಳದ ತೊಡಕುಗಳಿರುವ ಮಕ್ಕಳು ಇನ್ನೂ ಹೆಚ್ಚು. ಕೆಂಪು-ಹಸಿರು ಬೇರ್ಪಡಿಸಲಾಗದ ವರ್ಣಾಂಧತೆ ಎಕ್ಸ್ ವರ್ಣತಂತುವಿನ ಮೂಲಕ ಬರುವಂಥದು, ಹುಡುಗರಲ್ಲೇ ಜಾಸ್ತಿ. ಅನುವಂಶೀಯತೆಯ ಪಾಠ ಮಾಡುವವರಿಗೇ ಇದು ಮೊದಲು ಹೊಳೆಯಬೇಕು: ಚಾರ್ಟಿನಲ್ಲಿ ಬರೀ ಬಣ್ಣ ತೋರಿಸಿ ‘ಕೆಂಪಗಿರೋದು ನೋಡು’ ಎನ್ನುವ ಬದಲು ಹೆಸರು ಬರೆದು ಬಾಣ ಹಾಕಬೇಕು. ಕಿವಿ ಮಂದವಿರುವ ಮಗುವಿಗೆ ಬೋರ್ಡಿನ ಕಡೆ ತಿರುಗಿ ಹೇಳಿದ ಒಂದು ಮಾತೂ ತಲುಪದು. ಬರೆದು ಮುಗಿಸಿ, ಮಕ್ಕಳ ಕಡೆ ತಿರುಗಿ ಮಾತಾಡಬೇಕು. ಇದಕ್ಕೆ ಅನುದಾನ ಬೇಡ, ಸುತ್ತೋಲೆಯೂ ಬೇಡ.

ಅನ್ನ ಬಾಯಿಂದ ಸಣ್ಣ ಕರುಳಿಗೆ ಹೋಗುವ ತನಕದ ಕಥೆಯನ್ನು ಪಟಪಟ ಹೇಳಿ, ಉತ್ತರಪತ್ರಿಕೆಯಲ್ಲಿ ಒತ್ತಕ್ಷರಗಳ ನಡುವೆ ಸಿಕ್ಕಿಹಾಕಿಕೊಳ್ಳುವ ಹುಡುಗನಿದ್ದಾನಲ್ಲ, ನನಗೆ ಹೆಚ್ಚು ಸಂಕಟವಾಗುವುದು ಅವನ ಬಗ್ಗೆ. ಸೋಮಾರಿ ಎನಿಸಿಕೊಂಡೇ ಅವನು ಹತ್ತನೇ ತರಗತಿಗೆ ಬಂದಿರುತ್ತಾನೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಪರೀಕ್ಷೆ ಮಾಡಿಸಬಹುದು; ಪ್ರಮಾಣಪತ್ರ ಸಿಕ್ಕರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು ಕೇಳಬಹುದು. ಶಂಕೆ ಎಂಟನೇ ತರಗತಿಯಲ್ಲೇ ಬಂದರೆ ಇದಕ್ಕೆಲ್ಲ ವೇಳೆಯಿದೆ. ಫೆಬ್ರುವರಿಯಲ್ಲಿ, ಹಾಲ್ ಟಿಕೆಟ್ ಬರುವ ಹೊತ್ತಿಗೆ ಬಂದರೆ ಯಾರೇನು ಮಾಡಲಾದೀತು? ಅಷ್ಟರಲ್ಲಿ ಇಪ್ಪತ್ತು ಅಂಕಗಳ ಆಂತರಿಕ ಮೌಲ್ಯಮಾಪನವಂತೂ ಶಿಕ್ಷಕರ ಕೈಯಲ್ಲೇ ಇದೆ. ಅದರಲ್ಲಿ ಬಾಯಿ ಮಾತಿನ ಉತ್ತರಕ್ಕೆ, ಮಾಡಿ ತೋರಿಸಿದ್ದಕ್ಕೆ ಜಾಗ ಕೊಡಲಿ.

ಅಂಥ ಜಾಗ ಕೊಡುವುದು ಬಿಟ್ಟು ಇಂಥ ಮಕ್ಕಳ ಕೈಗೆ ನಾವು ‘ಪಾಸಿಂಗ್ ಪ್ಯಾಕೇಜ್’ ಇಡುತ್ತಿದ್ದೇವೆ. ನಾಲ್ಕಾರು ಚಿತ್ರ, ಹತ್ತಿಪ್ಪತ್ತು ಪ್ರಶ್ನೆ, ಬಾಯಿಪಾಠ. ಪಾಸಾಗುವ ಅಗತ್ಯವನ್ನು ನಾನು ಹಗುರ ಮಾಡುವುದಿಲ್ಲ. ಬಡವರ ಮನೆಯ ಮಗುವಿಗೆ ಆ ಅಂಕಪಟ್ಟಿಯ ಬೆಲೆ ಎಷ್ಟೆಂದು ಗೊತ್ತು. ಆದರೆ ತನ್ನ ತಾಯಿಯ ಸಕ್ಕರೆ ಕಾಯಿಲೆಗೂ ಇನ್ಸುಲಿನ್‌ಗೂ ಏನು ಸಂಬಂಧ ಎಂಬುದು ಆ ಪ್ಯಾಕೇಜಿನಲ್ಲಿ ಸಿಗದು. ಹುಡುಗಿಯರಿಗೆ ಮುಟ್ಟಿನ ಬಗ್ಗೆ ಯಾವ ಅಂಜಿಕೆಯೂ ಇಲ್ಲದೆ ವಿವರಿಸುವ ಪಾಠವೂ ಸಿಗದು.

ಹಾಗೆಂದು ಎಲ್ಲ ಭಾರವನ್ನೂ ಮೇಷ್ಟ್ರ ಹೆಗಲಿಗೆ ಹಾಕಿ ಕೈತೊಳೆದುಕೊಳ್ಳುವುದು ಅನ್ಯಾಯ. ಬಿ.ಇಡಿ.ಯಲ್ಲಿ ಸಮನ್ವಯ ಶಿಕ್ಷಣದ ಬಗ್ಗೆ ಅವರು ಓದಿ ಬಂದಿರುವುದು ತೀರಾ ಅಲ್ಪ. ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರು ಎಷ್ಟು ಶಾಲೆಗಳನ್ನು ಸುತ್ತಬೇಕು? ಹುದ್ದೆ ಖಾಲಿಯಿರುವ ಕಡೆ ಅತಿಥಿ ಶಿಕ್ಷಕರೇ ಗತಿ. ಫಲಿತಾಂಶ ಬಂದ ದಿನ ಜಿಲ್ಲೆಗೆ ಎಷ್ಟನೇ ಸ್ಥಾನ ಎಂದು ಕೇಳುವ ನಾವು, ಯಾವ ಮಗುವಿಗೆ ಹೇಗೆ ಕಲಿಸಿದಿರಿ ಎಂದು ಕೇಳುವುದಿಲ್ಲ.

2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಅಂಗವೈಕಲ್ಯದ ಪ್ರಮಾಣ ಇಷ್ಟಿದೆ ಎಂಬ ಒಂದೇ ಕಾರಣಕ್ಕೆ ಎಂಬಿಬಿಎಸ್ ಪ್ರವೇಶ ನಿರಾಕರಿಸುವಂತಿಲ್ಲ, ಆ ವಿದ್ಯಾರ್ಥಿಗೆ ಓದು ಸಾಧ್ಯವೇ ಎಂದು ಪರಿಶೀಲಿಸಬೇಕು ಎಂದಿತು. ವೈದ್ಯಕೀಯ ಕಾಲೇಜಿಗೇ ಈ ಮಾತು ಅನ್ವಯಿಸುವಾಗ ಹಳ್ಳಿಯ ಪ್ರೌಢಶಾಲೆಗೆ ಯಾಕೆ ಬೇಡ? ವಿಜ್ಞಾನದ ಬದಲಿ ವಿಷಯ ಕೋರುವ ಅರ್ಜಿಯ ಜೊತೆ ಇನ್ನೊಂದು ಹಾಳೆ ಕಡ್ಡಾಯವಾಗಲಿ: ಎಂಟು, ಒಂಬತ್ತನೇ ತರಗತಿಗಳಲ್ಲಿ ಈ ಮಗುವಿಗೆ ವಿಜ್ಞಾನವನ್ನು ಯಾವ ಬಗೆಯಲ್ಲಿ ಕಲಿಸಲು ನೋಡಿದೆವು, ಏನು ಹಿಡಿಸಿತು, ಎಲ್ಲಿ ತೊಡಕಾಯಿತು, ಮಗು ಸ್ವತಃ ಏನು ಬಯಸಿತು. ಶಿಕ್ಷಕರು ಬರೆಯಲಿ, ಮುಖ್ಯೋಪಾಧ್ಯಾಯರು ಸಹಿ ಹಾಕಲಿ. ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಕೂತಿರುವ ತಂದೆತಾಯಿಯರು ಜೂನ್ ತಿಂಗಳ ಸಭೆಯಲ್ಲೇ ಇದನ್ನು ಎತ್ತಬಹುದು.